ಬದುವಿನ ತಂಗಡಿ, ಹೊಲದ ಬದನೆ

ಚಿತ್ರದುರ್ಗದ ಜೋಗಿಮಟ್ಟಿ ಕಡೆ ಬೆಳಿಗ್ಗೆ ಹೊತ್ತು ಹೋದರೆ ಕುರುಚಲು ಗಿಡಗಳ ನಡುವೆ ತಂಗಡಿ ಹಳದಿಯಾಗಿ ಅರಳಿ ನಿಂತಿರುತ್ತದೆ. ಕೆಲವರು ಇದನ್ನು ಆವರಿಕೆ ಅಂತಲೂ ಕರೆಯುತ್ತಾರೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ತಂಗಡಿಯ ತಂಟೆಗೆ ಆಡೂ ಜಾಸ್ತಿ ಹೋಗುವುದಿಲ್ಲ.

ಒಂದು ಗಿಡದ ಪಕ್ಕ ಹತ್ತು ನಿಮಿಷ ಸುಮ್ನೆ ನಿಲ್ಲಿ. ಕರಿ ದುಂಬಿಯೊಂದು ಗುಂಯ್ ಅಂತ ಬರುತ್ತದೆ. ಹೂವಿನ ಮೇಲೆ ಕೂತ ಮೇಲೆ ಸದ್ದು ನಿಲ್ಲಬೇಕು, ಅಲ್ವಾ? ನಿಲ್ಲುವುದಿಲ್ಲ. ಇನ್ನೂ ಸಣ್ಣ ದನಿಯಲ್ಲಿ, ಬಿಟ್ಟು ಬಿಟ್ಟು ಕೇಳುತ್ತದೆ. ರೆಕ್ಕೆ ನೋಡಿದರೆ ಬಡಿಯುತ್ತಲೇ ಇಲ್ಲ!

ಅದು ಪರಾಗ ಉದುರಿಸುವ ಸದ್ದು. ದಾಸವಾಳದ ಪರಾಗ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ತಂಗಡಿಯಲ್ಲಿ ಹಾಗಲ್ಲ. ಪರಾಗದ ಚೀಲದ ತುದಿಯಲ್ಲಿ ಪುಟ್ಟ ತೂತು ಮಾತ್ರ ಇರುತ್ತದೆ, ಊಟದ ಮೇಜಿನ ಉಪ್ಪಿನ ಡಬ್ಬಿಯ ಹಾಗೆ. ಅಲ್ಲಾಡಿಸಿದರಷ್ಟೇ ಉದುರೀತು. ದುಂಬಿ ಹೂವನ್ನು ಕಾಲಿನಿಂದ ತಬ್ಬಿ ಹಿಡಿದು, ಹಾರಲು ಬಳಸುವ ಸ್ನಾಯುಗಳನ್ನೇ ನಡುಗಿಸುತ್ತದೆ. ಪರಾಗ ಪುಡಿಪುಡಿಯಾಗಿ ಅದರ ಹೊಟ್ಟೆಗೆ ಚಿಮ್ಮುತ್ತದೆ. ಈ ಹೂವಿನೊಳಗೆ ಮಕರಂದವೇ ಇಲ್ಲ. ಕೊಡುವುದು ಪರಾಗ ಒಂದನ್ನೇ. ಮರಿಗಳಿಗೆ ಮೈ ಬೆಳೆಸುವ ಪ್ರೋಟೀನು ಅದು.

ನಮ್ಮ ತುಡುವೆ ಜೇನಿಗಾಗಲಿ ಹೆಜ್ಜೇನಿಗಾಗಲಿ ಈ ವಿದ್ಯೆ ಬರುವುದಿಲ್ಲ. ಕರಿ ದುಂಬಿಗೆ ಬರುತ್ತದೆ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ, ಒಂಟಿಯಾಗಿ ಗೂಡು ಮಾಡುವ ಜೇನಿಗೂ ಬರುತ್ತದೆ.

ಬದನೆ, ಟೊಮೆಟೊ ಹೂವುಗಳೂ ಇದೇ ಥರ. ಗಾಳಿಗೆ ಅಲ್ಲಾಡಿದರೂ ಒಂದಿಷ್ಟು ಕಾಯಿ ಕಚ್ಚುತ್ತವೆ, ನಿಜ. ಆದರೆ ಹೀಗೆ ನಡುಗಿಸುವವರು ಬಂದರೆ ಇನ್ನೂ ಚೆನ್ನಾಗಿ ಕಚ್ಚುತ್ತವೆ. ಬದನೆ ಹೂ ಬಿಡುವುದು ಕೆಲವೇ ತಿಂಗಳು. ಉಳಿದ ದಿನ ಈ ಜೀವಗಳು ಏನು ತಿನ್ನಬೇಕು? ಮಳೆ ಕಮ್ಮಿಯಾದರೂ ಹೂ ಬಿಡುವ ತಂಗಡಿ ಆಗ ಕೈಹಿಡಿಯುತ್ತದೆ. ಇದರ ಎಲೆಯ ಮೇಲೆ ಮೊಟ್ಟೆ ಇಡುವ ಹಳದಿ ಚಿಟ್ಟೆಗಳ ಕಥೆಯೇ ಬೇರೆ.

ಬದು ಚೊಕ್ಕ ಮಾಡುತ್ತೇವೆ ಅಂತ ತಂಗಡಿಯನ್ನು ಬೇರುಸಮೇತ ಕೀಳುವುದು, ಕಳೆನಾಶಕ ಹೊಡೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀಲಿ ಪಟ್ಟೆಯ ಜೇನು ಗೂಡು ತೋಡುವುದೂ ಬದುವಿನಂಥ ಮಣ್ಣಿನಲ್ಲೇ. ದಯವಿಟ್ಟು ಬದುವಿನ ಒಂದು ಮೂಲೆಯನ್ನಾದರೂ ಹಾಗೇ ಬಿಡಿ. ಸಂಜೆ ಅಲ್ಲಿ ಬಗ್ಗಿ ನೋಡಿ. ಒಣಗಿದ ಕಡ್ಡಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು, ನಾಲ್ಕೈದು ಗಂಡು ಜೇನುಗಳು ಸಾಲಾಗಿ ನಿದ್ದೆ ಹೋಗಿರುವುದು ಕಂಡೀತು.