ಓದುಗರ ಪ್ರಶ್ನೆ: ಲಿಫ್ಟ್ ಮಾಡಿಸದೆ (ಅಂದರೆ ಉದ್ದದ ಸ್ಪ್ರಿಂಗ್ ಹಾಕಿಸಿ ಗಾಡಿಯನ್ನು ಎತ್ತರಿಸದೆ) ದೊಡ್ಡ ಟೈರು ಹಾಕಿಸಬಹುದೇ?

ಹಾಕಿಸಬಹುದು. ಎಷ್ಟು ದೊಡ್ಡದು ಎಂಬುದನ್ನು ಅಳತೆ ನೋಡಿ ತೀರ್ಮಾನಿಸಬೇಕು, ಅಷ್ಟೇ. ಇದೇ ಉತ್ತರವನ್ನು ಬರೆದು ಬರೆದು ಕೈ ಸೋತಿದೆ. ಪ್ರಶ್ನೆಯ ಜೊತೆಗೆ ಪ್ರತಿ ಸಲವೂ ಒಂದು ತಪ್ಪು ನಂಬಿಕೆ ಅಂಟಿಕೊಂಡು ಬರುತ್ತದೆ. ಈ ಸಲ ಮೊದಲು ಅದನ್ನು ಬುಡಸಮೇತ ಕೀಳುತ್ತೇನೆ.

"ಎರಡು ಇಂಚು ಲಿಫ್ಟ್ ಮಾಡಿಸಿದರೆ ಟೈರಿಗೆ ಎರಡು ಇಂಚು ಜಾಗ ಸಿಗುತ್ತದೆ, ಮತ್ತೆ ಎಲ್ಲಿಯೂ ಉಜ್ಜುವುದಿಲ್ಲ" ಎನ್ನುತ್ತಾರೆ. ಗಾಡಿ ಸಮತಟ್ಟಾದ ನೆಲದಲ್ಲಿ ನಿಂತಿರುವಷ್ಟು ಹೊತ್ತು ಇದು ನಿಜ. ಆದರೆ ಟೈರು ಉಜ್ಜುವುದು ಗಾಡಿ ಹಾಗೆ ನಿಂತಿರುವಾಗ ಅಲ್ಲ. ಮುಂದಿನ ಒಂದು ಚಕ್ರ ಬಂಡೆ ಹತ್ತಿ, ಸ್ಪ್ರಿಂಗ್ ಪೂರ್ತಿ ಅದುಮಿಕೊಂಡು, ಅದೇ ಹೊತ್ತಿಗೆ ನೀವು ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಅದು ಉಜ್ಜುತ್ತದೆ. ಆಗ ಚಕ್ರ ಎಷ್ಟು ಮೇಲೆ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡು. ನೀವು ಎಷ್ಟೇ ಉದ್ದದ ಸ್ಪ್ರಿಂಗ್ ಹಾಕಿಸಿ, ಆ ತುಂಡು ಚಾಸಿಯ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿನ) ಮೇಲೆ ಇದ್ದಲ್ಲೇ ಇದ್ದರೆ ಚಕ್ರ ಮೊದಲು ಹೋಗುತ್ತಿದ್ದ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಮೊದಲು ಉಜ್ಜುತ್ತಿದ್ದಲ್ಲೇ ಉಜ್ಜುತ್ತದೆ.

ಲಿಫ್ಟ್ ಆದ ಮೇಲೆ ಉಜ್ಜುವ ಸದ್ದು ನಿಂತಿತು ಎನ್ನುವವರೂ ಸುಳ್ಳು ಹೇಳುತ್ತಿಲ್ಲ. ಅವರ ಹೊಸ ಸ್ಪ್ರಿಂಗ್ ಬಿಗಿಯಾಗಿರುವುದರಿಂದ ಅದು ಪೂರ್ತಿ ಅದುಮುವುದೇ ಅಪರೂಪ. ಇಲ್ಲವೇ ಕಿಟ್‌ನ ಜೊತೆ ಉದ್ದನೆಯ ಬಂಪ್ ಸ್ಟಾಪ್ ಬಂದಿರುತ್ತದೆ. ಆ ಬಂಪ್ ಸ್ಟಾಪನ್ನು ಲಿಫ್ಟ್ ಇಲ್ಲದೆಯೂ ಹಾಕಿಸಬಹುದು, ಚಕ್ರದ ಓಡಾಟ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಬಾಡಿ ಲಿಫ್ಟ್ ವಿಷಯ ಬೇರೆ. ಅದು ಬಾಡಿಯನ್ನೇ ಚಾಸಿಯಿಂದ ಮೇಲೆತ್ತುವುದರಿಂದ ನಿಜವಾಗಿಯೂ ಜಾಗ ಕೊಡುತ್ತದೆ.

ಹಾಗಾಗಿ ಪರೀಕ್ಷೆ ಹೀಗೆ ಮಾಡಿ. ಗಾಡಿಯನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಕಸುಬು ಬಲ್ಲ ಮೆಕ್ಯಾನಿಕ್‌ನಿಂದ ಒಂದು ಕಡೆಯ ಸ್ಪ್ರಿಂಗ್ ತೆಗೆಸಿ. ದೊಡ್ಡ ಟೈರು ಹಾಕಿ, ಬಂಪ್ ಸ್ಟಾಪ್ ತಾಗುವವರೆಗೆ ಚಕ್ರವನ್ನು ಜ್ಯಾಕ್‌ನಿಂದ ಎತ್ತಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬಂಪರ್‌ನ ಒಳಮೂಲೆ, ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆ, ಒಳಗಡೆ ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್, ಈ ಮೂರು ಕಡೆ ಟಾರ್ಚ್ ಬಿಟ್ಟು ನೋಡಿ. ಓಡಿಸಿದ ಗಾಡಿಯಾದರೆ ಗುರುತು ಮೊದಲೇ ಸಿಗುತ್ತದೆ: ಧೂಳು ಹಿಡಿದ ಪ್ಲಾಸ್ಟಿಕ್ಕಿನ ನಡುವೆ ಬಿಲ್ಲಿನಾಕಾರದ ಒಂದು ಪಟ್ಟಿ ಮಾತ್ರ ನುಣುಪಾಗಿ ಹೊಳೆಯುತ್ತಿರುತ್ತದೆ. ಪ್ಲಾಸ್ಟಿಕ್ ತಾಗಿದರೆ ಬಿಸಿ ಗಾಳಿ ಕೊಟ್ಟು ಹಿಂದಕ್ಕೆ ತಳ್ಳಬಹುದು, ಕತ್ತರಿಸಲೂಬಹುದು. ಅದರ ಹಿಂದೆ ಎರಡು ತಗಡು ಸೇರಿಸಿ ಬೆಸೆದ ಅಂಚು ತಾಗಿದರೆ ಸುತ್ತಿಗೆಯಿಂದ ಮಡಚಬಹುದು. ಬಣ್ಣ ಬಳಿಯದೆ ಬಿಟ್ಟರೆ ಮಾತ್ರ ತುಕ್ಕು ಖಚಿತ.

ಟೈರು ಆರಿಸುವಾಗ ಎತ್ತರಕ್ಕಿಂತ ಅಗಲವೇ ಹೆಚ್ಚು ಕಾಡುತ್ತದೆ ಎಂಬುದನ್ನು ನೆನಪಿಡಿ. ಟೈರಿನ ಮೇಲಿನ ಅಳತೆಯಲ್ಲಿ ಮೊದಲ ಅಂಕಿ ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು, ಕೊನೆಯದು ಇಂಚಿನಲ್ಲಿ ರಿಮ್‌ನ ವ್ಯಾಸ. 265/70ಆರ್17 ಟೈರಿನ ವ್ಯಾಸ ಸುಮಾರು 803 ಮಿ.ಮೀ. 285/70ಆರ್17 ಆದರೆ 831 ಮಿ.ಮೀ. 255/80ಆರ್17 ತೆಗೆದುಕೊಂಡರೆ 840 ಮಿ.ಮೀ. ಸಿಗುತ್ತದೆ, ಅಂದರೆ ಅದು 285ಕ್ಕಿಂತ ಎತ್ತರ, ಆದರೆ 30 ಮಿ.ಮೀ. ಕಿರಿದು! ಅಗಲದ ರಿಮ್ ಹಾಕಿಸಿ ಚಕ್ರವನ್ನು ಹೊರಕ್ಕೆ ತಂದರೆ ಒಳಗಡೆ ಜಾಗವಾಗುತ್ತದೆ ನಿಜ, ಆದರೆ ತಿರುಗಿಸುವಾಗ ಟೈರು ಇನ್ನೂ ದೊಡ್ಡ ವೃತ್ತದಲ್ಲಿ ಬೀಸಿ ಬಂಪರ್‌ಗೆ ಬಡಿಯುತ್ತದೆ. ನೆಲದಿಂದ ಸಿಗುವ ಎತ್ತರ, ವ್ಯಾಸ ಹೆಚ್ಚಿದ್ದರ ಅರ್ಧದಷ್ಟೇ ಹೆಚ್ಚುತ್ತದೆ; 28 ಮಿ.ಮೀ. ದೊಡ್ಡ ಟೈರಿಗೆ 14 ಮಿ.ಮೀ. ಸ್ಪೀಡೋಮೀಟರ್ ಮೊದಲಿನಷ್ಟೇ ತೋರಿಸಿದರೂ ಗಾಡಿ ಶೇ. 3.5ರಷ್ಟು ವೇಗವಾಗಿ ಓಡುತ್ತಿರುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ಸ್ಟೆಪ್ನಿ ಏನು ಮಾಡುತ್ತೀರಿ? ನಾಲ್ಕು ಹೊಸ ಟೈರು ಹಾಕಿಸಿ ಐದನೆಯದನ್ನು ಹಳೆಯ ಅಳತೆಯಲ್ಲೇ ಬಿಡುವವರೇ ಹೆಚ್ಚು. ಪಂಕ್ಚರ್ ಆದ ದಿನ ಆ ಚಿಕ್ಕ ಚಕ್ರ ಉಳಿದವುಗಳಿಗಿಂತ ಬೇಗ ಸುತ್ತುತ್ತದೆ, ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಎಡೆಬಿಡದೆ ದುಡಿಯುತ್ತದೆ. ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಹಾಕಿದರಂತೂ ಮುಂದಿನ ಹಿಂದಿನ ಶಾಫ್ಟ್‌ಗಳ ನಡುವೆ ಬಿಗಿತ ಏರುತ್ತಲೇ ಹೋಗುತ್ತದೆ. ಐದನ್ನೂ ಒಂದೇ ಅಳತೆಯಲ್ಲಿ ಕೊಳ್ಳಿ. ಕೊಳ್ಳುವ ಮೊದಲು ಸ್ಟೆಪ್ನಿ ಕೂರುವ ಜಾಗವನ್ನೂ ಅಳೆಯಿರಿ, ಗಾಡಿಯ ಅಡಿಯಲ್ಲಿ ನೇತುಹಾಕುವ ಕಡೆ ದೊಡ್ಡ ಟೈರು ಹಲವು ಸಲ ಹಿಡಿಸುವುದೇ ಇಲ್ಲ. ಹಾಗೆಯೇ ಗಾಡಿಯ ಜೊತೆ ಬಂದ ಜ್ಯಾಕ್ ದೊಡ್ಡ ಚಕ್ರವನ್ನು ನೆಲ ಬಿಡಿಸುವಷ್ಟು ಎತ್ತರಕ್ಕೆ ಏರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಎತ್ತಿ ನೋಡಿ.