ಆ ಉಂಡೆ ಹೊಸ ಗ್ರಹವಾ?

ಮಳೆಗಾಲ ಮುಗಿದು ಪುಣೆಯ ಆಕಾಶ ತೊಳೆದಂತಾದರೆ ನನ್ನ ಫೋನಿಗೆ ಫೋಟೊಗಳ ಸುಗ್ಗಿ. ಖಗೋಳ ಕಲಿಸೋದು ನನ್ನ ಕೆಲಸ ಅಂತ ಗೊತ್ತಿರುವವರೆಲ್ಲ ಕಳಿಸುತ್ತಾರೆ. ಮೊನ್ನೆ ಕೋಥರೂಡಿನ ನಮ್ಮ ಸೊಸೈಟಿಯ ಕಾಕಾ ಒಬ್ಬರು, ವಿಜಯಪುರದ ಕಡೆಯವರು, ಸೂರ್ಯ ಮುಳುಗುವ ಫೋಟೊ ತೋರಿಸಿದರು. ಪಕ್ಕದಲ್ಲಿ ಇನ್ನೊಂದು ಮಂಕು ಉಂಡೆ. "ಯಾರಿಗೂ ಗೊತ್ತಿಲ್ಲದ ಗ್ರಹ ಇರಬಹುದೇನ್ರೀ ಸರ?"

ಮರುದಿನ ಸಂಜೆ ಟೆರೇಸಿನಲ್ಲಿ ಕ್ಯಾಮೆರಾ ಆನ್ ಮಾಡಿಸಿ, ಫೋನನ್ನು ಆಚೀಚೆ ಹೊರಳಿಸಿ ಅಂದೆ. ಪರದೆಯಲ್ಲಿ ಸೂರ್ಯ ಎಡಕ್ಕೆ ಸರಿದರೆ ಉಂಡೆ ಬಲಕ್ಕೆ ಓಡಿತು. ಲೆನ್ಸಿನೊಳಗೆ ಬೆಳಕು ಪುಟಿದು ಮೂಡಿದ ಸೂರ್ಯನದೇ ಬಿಂಬ ಅದು.

ಆದರೆ ಕಾಕಾ ಕೇಳಿದ್ದು ಪೆದ್ದು ಪ್ರಶ್ನೆಯಲ್ಲ. ಕಣ್ಣೆದುರೇ ಇದ್ದ ಗ್ರಹವನ್ನು ಯಾರೂ ಗುರುತಿಸದೇ ಹೋದದ್ದು ನಿಜಕ್ಕೂ ಆಗಿದೆ. ಕತ್ತಲೆ ಊರಿನಲ್ಲಿ ಚೂಪು ಕಣ್ಣಿಗೆ ಯುರೇನಸ್ ಬರಿಗಣ್ಣಿಗೇ ಕಾಣುತ್ತದೆ. 1690ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಫ್ಲ್ಯಾಮ್‌ಸ್ಟೀಡ್ ಅದನ್ನು ವೃಷಭ ರಾಶಿಯ ನಕ್ಷತ್ರ ಅಂತ ಬರೆದಿಟ್ಟ. 1769ರ ಜನವರಿಯಲ್ಲಿ ಫ್ರಾನ್ಸಿನ ಲೆ ಮೊನಿಯೆ ಹಲವು ರಾತ್ರಿ ನೋಡಿದ. ನಕ್ಷತ್ರಗಳ ನಡುವೆ ಸರಿಯುವುದರಿಂದಲೇ ಗ್ರಹ ಅಂತ ಗೊತ್ತಾಗೋದು; ಆಗ ಅದು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು, ಪಾಪ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1781ರ ಮಾರ್ಚ್ 13ರಂದು ಇಂಗ್ಲೆಂಡಿನಲ್ಲೇ ಇದ್ದ ಹರ್ಷೆಲ್ ಅನ್ನುವ ಖಗೋಳಜ್ಞನ ಕಣ್ಣಿಗೆ ದೂರದರ್ಶಕದಲ್ಲಿ ಅದು ಚುಕ್ಕೆಯಾಗಿ ಅಲ್ಲ, ಪುಟ್ಟ ಬಿಲ್ಲೆಯಾಗಿ ಕಂಡಿತು. ಅವನೂ ಮೊದಲು ಧೂಮಕೇತು ಅಂದುಕೊಂಡ!

ಇವತ್ತು ಅಂಥದ್ದು ತಪ್ಪಿಸಿಕೊಳ್ಳಲಾರದು. ಕಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ ಲಕ್ಷ ಪಟ್ಟು ಮಂಕಾದದ್ದನ್ನೂ ಯಂತ್ರಗಳು ಮತ್ತೆ ಮತ್ತೆ ಫೋಟೊ ತೆಗೆದು, ಯಾವುದು ಸರಿಯಿತು ಅಂತ ಹೋಲಿಸುತ್ತವೆ.

ಹಾಗಾದರೆ 2016ರಲ್ಲಿ ಬ್ಯಾಟಿಗಿನ್ ಮತ್ತು ಬ್ರೌನ್ ಅನ್ನುವ ವಿಜ್ಞಾನಿಗಳು ಹೇಳಿದ ಒಂಬತ್ತನೇ ಗ್ರಹ? ನೆಪ್ಚೂನಿನಾಚೆಯ ಕೆಲವು ಪುಟ್ಟ ಕಾಯಗಳ ಕಕ್ಷೆಗಳು ಒಂದೇ ಕಡೆ ವಾಲಿವೆ, ಕಾಣದ ಗ್ರಹವೊಂದು ಎಳೆಯುತ್ತಿರಬೇಕು ಅನ್ನುವುದು ಅವರ ಲೆಕ್ಕ. ಎಲ್ಲರೂ ಒಪ್ಪಿಲ್ಲ. ನನಗೂ ಅರ್ಧ ನಂಬಿಕೆ, ಅರ್ಧ ಅನುಮಾನ. ಅದು ಇದ್ದರೂ ಬರಿಗಣ್ಣಿಗೆ ಕಾಣಲ್ಲ. ಗ್ರಹಕ್ಕೆ ಸ್ವಂತ ದೀಪ ಇಲ್ಲ, ಅಲ್ವಾ? ಸೂರ್ಯನ ಬೆಳಕು ಅಲ್ಲಿಗೆ ಹೋಗುವಾಗಲೂ ತೆಳುವಾಗುತ್ತದೆ, ಅಲ್ಲಿಂದ ವಾಪಸ್ ಬರುವಾಗಲೂ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಒಂದೊಂದು ಸಲವೂ ಕಾಲು ಪಾಲಷ್ಟೇ ಉಳಿದು, ನಮಗೆ ಸಿಗುವ ಬೆಳಕು ಹದಿನಾರನೇ ಒಂದು ಪಾಲು. ನೆಪ್ಚೂನನ್ನೇ 20 ಪಟ್ಟು ದೂರ ಒಯ್ದಿಟ್ಟರೆ 1,60,000 ಪಟ್ಟು ಮಂಕು. ಈಗಿರುವ ಜಾಗದಲ್ಲೇ ಅದು ಬರಿಗಣ್ಣಿಗೆ ಕಾಣಲ್ಲ.

ಹಾಗಂತ ಒಂಬತ್ತನೇ ಗ್ರಹ ಕ್ಯಾಮೆರಾಗೆ ಸಿಗಬಾರದು ಅಂತಿಲ್ಲ. ಯಾವುದೋ ಹಳೇ ಚಿತ್ರದಲ್ಲಿ ಆಗಲೇ ಬಿದ್ದಿರಬಹುದು. ಆಕಾಶಗಂಗೆಯ ದಟ್ಟ ಪಟ್ಟಿಯಲ್ಲಿದ್ದರೆ ಹುಡುಕೋದು ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಹುಡುಕಿದಂತೆ. ಚಿಲಿಯ ರೂಬಿನ್ ವೀಕ್ಷಣಾಲಯ 2025ರಲ್ಲಿ ಮೊದಲ ಚಿತ್ರಗಳನ್ನು ತೋರಿಸಿದೆ. ನನ್ನ ಕಣ್ಣು ಅದರ ಮೇಲಿದೆ.

ಕಾಕಾಗೆ ಸುಮ್ನೆ ನಿರಾಸೆ ಮಾಡೋದು ಬೇಡ ಅನ್ನಿಸಿತು. ಯುರೇನಸ್ 84 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಫ್ಲ್ಯಾಮ್‌ಸ್ಟೀಡ್ ನೋಡಿದ ಮೇಲೆ ನಾಲ್ಕು ಸುತ್ತು ಹಾಕಿ ಈಗ ಮತ್ತೆ ವೃಷಭಕ್ಕೇ ಬಂದಿದೆ. ಪುಣೆಯ ದೀಪಗಳ ನಡುವೆ ಬರಿಗಣ್ಣಿಗೆ ಆಗಲ್ಲ. ರಾತ್ರಿ ಹತ್ತರ ಮೇಲೆ ಬೈನಾಕ್ಯುಲರ್ ಕೊಟ್ಟು, ಕೃತ್ತಿಕೆಯಿಂದ ದಕ್ಷಿಣಕ್ಕೆ ನಿಧಾನವಾಗಿ ಸರಿಸಿ ತೋರಿಸಿದೆ.

"ಇಷ್ಟು ಸಣ್ಣದೇನ್ರೀ?" ಅಂದರು ಕಾಕಾ. ಬೈನಾಕ್ಯುಲರ್ ಮಾತ್ರ ವಾಪಸ್ ಕೊಡಲಿಲ್ಲ.