ರಬ್ಬರ್ ನಿಧಾನವಾದರೆ ಕಾರು ಬೇಗ ನಿಲ್ಲುತ್ತದೆ

ಮಳೆಗಾಲ ಹತ್ತಿರ ಬಂದರೆ ಸಾಕು, ಕಾರು ಓಡಿಸುವವರ ನಡುವೆ ಒಂದು ಸಲಹೆ ಓಡಾಡುತ್ತದೆ. ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇಡಿ, ಗ್ರಿಪ್ ಚೆನ್ನಾಗಿ ಸಿಗುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ ಇದೇ ಸಲಹೆಗೆ ಬೇರೆ ಕಾರಣ ಕೊಡುತ್ತಾರೆ. ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಟೈರ್ ಒಡೆಯುತ್ತದೆ, ಅದಕ್ಕೆ ಕಮ್ಮಿ ಇಡಿ. ಎರಡೂ ತಪ್ಪು. ಜೀವಕ್ಕೇ ಅಪಾಯ ತರುವಂಥ ತಪ್ಪು. ರಬ್ಬರಿನ ಒಂದೇ ಒಂದು ಗುಣ ಗೊತ್ತಿದ್ದರೆ ಈ ಸಲಹೆಯ ಮಾತು ಕೇಳುವ ಪ್ರಸಂಗವೇ ಬರುವುದಿಲ್ಲ. ಇಡೀ ಕಾರಿನಲ್ಲಿ ನನಗೆ ಇದಕ್ಕಿಂತ ಸೊಗಸಾದ ವಿಜ್ಞಾನ ಬೇರೆಲ್ಲೂ ಕಂಡಿಲ್ಲ.

ರಬ್ಬರನ್ನು ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ಆದರೆ ತಕ್ಷಣ ಅಲ್ಲ. ನಾದಿಟ್ಟ ಪರೋಟಾ ಹಿಟ್ಟಿಗೆ ಬೆರಳೊತ್ತಿ ತೆಗೆದರೆ ಗುಳಿ ನಿಧಾನಕ್ಕೆ ತುಂಬಿಕೊಳ್ಳುತ್ತದಲ್ವಾ, ಹಾಗೆ. ಒತ್ತಲು ಹಾಕಿದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಬರುವುದೇ ಇಲ್ಲ, ಬಿಸಿಯಾಗಿ ಹೋಗುತ್ತದೆ. ಇದಕ್ಕೆ ಹಿಸ್ಟರಿಸಿಸ್ ಎಂದು ಹೆಸರು.

ಈಗ ಡಾಂಬರಿನ ಮೇಲೆ ಎದ್ದ ಒಂದು ಸಣ್ಣ ಜಲ್ಲಿಕಲ್ಲನ್ನು ನೋಡಿ. ಬ್ರೇಕ್ ಹಾಕಿದಾಗ ಟೈರಿನ ರಬ್ಬರ್ ಅದರ ಮೇಲೆ ಚೂರು ಜಾರುತ್ತದೆ. ಕಲ್ಲಿನ ಎದುರು ಬದಿಗೆ ರಬ್ಬರ್ ಗಟ್ಟಿಯಾಗಿ ಒತ್ತುತ್ತದೆ. ಕಲ್ಲು ದಾಟಿದ ಮೇಲೆ ಆಚೆ ಬದಿಯನ್ನು ತುಂಬಲು ಅದಕ್ಕೆ ಸಮಯ ಸಾಲದು, ಅದು ನಿಧಾನಿ. ಒಂದು ಬದಿ ಒತ್ತಡ ಜಾಸ್ತಿ, ಇನ್ನೊಂದು ಬದಿ ಕಮ್ಮಿ. ಆ ವ್ಯತ್ಯಾಸವೇ ಕಾರನ್ನು ಹಿಂದಕ್ಕೆ ತಳ್ಳುವ ಬಲ. ಒಣ ರಸ್ತೆಯಲ್ಲಿ ರಬ್ಬರ್ ಕಲ್ಲಿಗೆ ಅಂಟಿಕೊಂಡೂ ಹಿಡಿಯುತ್ತದೆ. ನಡುವೆ ನೀರು ಬಂದರೆ ಆ ಅಂಟು ಬಹುಪಾಲು ಹೋಗುತ್ತದೆ. ಆಗ ನಮ್ಮನ್ನು ಕಾಯುವುದು ಮುಖ್ಯವಾಗಿ ಈ ನಿಧಾನ ಗುಣ.

ಹಾಗಾದರೆ ನಿಧಾನಿ ರಬ್ಬರನ್ನೇ ಹಾಕಬಹುದಲ್ಲ? ಹಾಕಿದರೆ ಮೈಲೇಜ್ ಬೀಳುತ್ತದೆ. ಸುಮ್ನೆ ಉರುಳುವಾಗಲೂ ಟೈರ್ ಪ್ರತಿ ಸುತ್ತಿಗೂ ತಳದಲ್ಲಿ ಒಮ್ಮೆ ಚಪ್ಪಟೆಯಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರುತ್ತದೆ. ಬಹಳ ಕಾಲ ಎಂಜಿನಿಯರುಗಳು ಗ್ರಿಪ್ ಬೇಕೋ ಮೈಲೇಜ್ ಬೇಕೋ ಎಂಬ ಈ ಇಕ್ಕಟ್ಟಿನಲ್ಲೇ ಇದ್ದರು. ದಾರಿ ಸಿಕ್ಕಿದ್ದು ವೇಗದ ಲೆಕ್ಕದಲ್ಲಿ. 80 ಕಿ.ಮೀ. ವೇಗದಲ್ಲಿ ಸಾಮಾನ್ಯ ಕಾರಿನ ಟೈರ್ ಸೆಕೆಂಡಿಗೆ ಸುಮಾರು 12 ಸುತ್ತು ಹೊಡೆಯುತ್ತದೆ. ಅಂದರೆ ಅದು ಚಪ್ಪಟೆಯಾಗುವುದು ಅಷ್ಟೇ ಸಲ. ಜಲ್ಲಿಯ ಸಣ್ಣ ಮೊನೆಗಳ ಮೇಲೆ ಜಾರುವಾಗಲಾದರೋ ರಬ್ಬರ್ ಸೆಕೆಂಡಿಗೆ ಸಾವಿರಾರು ಸಲ, ಲಕ್ಷಾಂತರ ಸಲ ಅದುರುತ್ತದೆ. ನಿಧಾನದ ಕುಣಿತಕ್ಕೆ ಶಕ್ತಿ ಉಳಿಸಿ, ವೇಗದ ಅದುರಾಟಕ್ಕೆ ಮಾತ್ರ ಶಕ್ತಿ ಕಳೆಯುವ ರಬ್ಬರ್ ಮಾಡಿದರೆ ಎರಡೂ ಸಿಗುತ್ತದೆ! 1990ರ ದಶಕದ ಆರಂಭದಲ್ಲಿ ಮಿಶೆಲಿನ್ ಎಂಬ ಟೈರ್ ಕಂಪನಿ, ರಬ್ಬರಿಗೆ ಬೆರೆಸುತ್ತಿದ್ದ ಕಪ್ಪು ಇಂಗಾಲದ ಪುಡಿಯ ಬಹುಪಾಲು ಜಾಗಕ್ಕೆ ಸಿಲಿಕಾ ಬೆರೆಸಿ ಇದನ್ನು ಸಾಧಿಸಿತು. ಸಿಲಿಕಾ ಎಂದರೆ ಮರಳಿನಲ್ಲಿರುವ ಅದೇ ವಸ್ತು. ಹಳೆಯ ಟೈರ್ ತೆಗೆಸಿ ಒಳ್ಳೆಯ ಹೊಸ ಸೆಟ್ ಹಾಕಿಸಿದವರು ಮಳೆಯಲ್ಲಿ ಕಾರು ಬೇರೆಯೇ ಆಯಿತು ಎನ್ನುವುದುಂಟು. ಅದರಲ್ಲಿ ಟೈರಿನ ಮೈಮೇಲಿನ ಹೊಸ ತೋಡುಗಳ ಆಳಕ್ಕೂ ಈ ಬೆರಕೆಗೂ ಪಾಲಿದೆ.

ಹವಾಮಾನದ ಜೊತೆ ರಬ್ಬರಿನ ಜಗಳ ಹಳೆಯದು. 1830ರ ದಶಕದ ಅಮೆರಿಕದಲ್ಲಿ ರಬ್ಬರ್ ಬೂಟುಗಳು ಬೇಸಿಗೆಗೆ ಅಂಟಂಟಾಗಿ ಕರಗುತ್ತಿದ್ದವು, ಚಳಿಗೆ ಕಲ್ಲಾಗಿ ಬಿರಿಯುತ್ತಿದ್ದವು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿ ಅದನ್ನು ಪಳಗಿಸಿದ. ಪಳಗಿಸಿದ್ದು ನಿಜ, ಗುಣ ಪೂರ್ತಿ ಬದಲಾಗಲಿಲ್ಲ. ಇವತ್ತಿಗೂ ಚಳಿ ಏರಿದಂತೆ ರಬ್ಬರ್ ಬಿರುಸಾಗುತ್ತದೆ. ಜರ್ಮನಿಗೆ ಕೆಲಸಕ್ಕೆ ಹೋದ ನಮ್ಮವರು ಅಲ್ಲಿ ಅಕ್ಟೋಬರಿನಲ್ಲಿ ಟೈರ್ ಬದಲಿಸಿ, ಈಸ್ಟರ್ ಹೊತ್ತಿಗೆ ಮತ್ತೆ ಬದಲಿಸುವ ರೂಢಿ ನೋಡಿ ದುಂದುವೆಚ್ಚ ಅಂದುಕೊಳ್ಳಬಹುದು. ದುಂದಲ್ಲ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಬಿಗಿದುಕೊಳ್ಳುತ್ತದೆ. ಹಿಮ ಬೀಳದಿದ್ದರೂ ಹಿಡಿತ ತಗ್ಗುತ್ತದೆ.

ಇನ್ನು ಗಾಳಿಯ ವಿಷಯ. ಗಾಳಿ ಕಮ್ಮಿಯಾದರೆ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಉರಿಬಿಸಿಲಿನ ಹೆದ್ದಾರಿಯಲ್ಲಿ ಪದರ ಕಿತ್ತು ಒಡೆಯುವ ಟೈರುಗಳಿಗೆ ಈ ಒಳಬಿಸಿ ದೊಡ್ಡ ಕಾರಣ. ಕಂಪನಿ ಹೇಳಿದ ಒತ್ತಡ ತಣ್ಣಗಿನ ಟೈರಿನದು. ಬಿಸಿಯಾದಾಗ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುವುದನ್ನು ಅವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ನೈಟ್ರೋಜನ್ ಹಾಕಿಸಿದರೂ ಅದು ಏರಿಯೇ ಏರುತ್ತದೆ. ಅಷ್ಟಕ್ಕೂ ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ.

ಮಳೆಯಲ್ಲಿ ಆಗುವುದು ಇನ್ನೂ ಕೆಟ್ಟದ್ದು. ಶಿರಾಡಿ ಘಾಟಿ ಇಳಿದ ಮೇಲೆ ನೀರು ನಿಂತ ನೇರ ರಸ್ತೆಯಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾದ ಅನುಭವ ಅನೇಕರಿಗೆ ಆಗಿರುತ್ತದೆ. ಟೈರ್ ಆಗ ರಸ್ತೆ ಬಿಟ್ಟು ನೀರಿನ ಮೇಲೆ ಎದ್ದಿರುತ್ತದೆ. ಒದ್ದೆ ರನ್‌ವೇಯಲ್ಲಿ ಜಾರುವ ವಿಮಾನಗಳ ಚಿಂತೆಯಿಂದ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಜೊತೆಗಾರರು 1960ರ ದಶಕದಲ್ಲಿ ಇದನ್ನು ಅಳೆದರು. ಅವರಿಗೆ ಸಿಕ್ಕ ಸೂತ್ರ ಬಲು ಸರಳ. ಟೈರ್ ಏಳುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ. ಆ ಲೆಕ್ಕದಲ್ಲಿ 32 ಪಿಎಸ್‌ಐ ಟೈರ್ ಸುಮಾರು 94 ಕಿ.ಮೀ. ವೇಗದಲ್ಲಿ ಏಳುತ್ತದೆ, 25 ಪಿಎಸ್‌ಐ ಇದ್ದರೆ 83ರಲ್ಲೇ. ಇದು ವಿಮಾನದ ಟೈರಿನ ಸೂತ್ರ, ಅದೂ ತೋಡುಗಳು ನುಂಗಲಾರದಷ್ಟು ನೀರಿದ್ದಾಗಿನದು. ಕಾರಿನ ಟೈರಿನ ಅಗಲ, ಆಕಾರ ಸೇರಿದರೆ ಅಂಕಿ ಬದಲಾಗುತ್ತದೆ. ಆದರೆ ದಿಕ್ಕು ಅದೇ: ಗಾಳಿ ಕಮ್ಮಿ ಮಾಡಿದವರು ಬೇಗ ತೇಲುತ್ತಾರೆ.

ನೀರನ್ನು ಹೊರಗೆ ತಳ್ಳುವುದು ಟೈರಿನ ತೋಡುಗಳು. ಹೊಸತರಲ್ಲಿ ಅವು ಸುಮಾರು 8 ಮಿ.ಮೀ. ಆಳ, ಕಾನೂನಿನ ಕೊನೆಯ ಗೆರೆ 1.6. ತೋಡುಗಳ ತಳದಲ್ಲಿರುವ ಸಣ್ಣ ದಿಬ್ಬಗಳು ರಬ್ಬರಿನ ಮಟ್ಟಕ್ಕೆ ಬಂದರೆ ಟೈರ್ ಮುಗಿದಂತೆ. ಆಯುಧಪೂಜೆಯ ದಿನ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಇಡಲಿ, ತಪ್ಪಿಲ್ಲ. ಆದರೆ ಹೇಗೂ ಬಗ್ಗಿದ್ದೇವೆ, ಆ ದಿಬ್ಬಗಳನ್ನೂ ನೋಡಬಾರದೇ? ಬೋಳು ಟೈರಿಗೆ ದೃಷ್ಟಿ ತೆಗೆದರೆ ನೀರು ಹೊರಗೆ ಹೋಗುವುದಿಲ್ಲ.

ಎರಡೇ ಹೊಸ ಟೈರ್ ಕೊಳ್ಳುವವರಿಗೆ ಒಂದು ಮಾತು. ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನಾದ್ದರಿಂದ ಹೊಸದನ್ನು ಮುಂದಕ್ಕೇ ಹಾಕಿ ಎಂದು ಅಂಗಡಿಯಲ್ಲಿ ಹೇಳಬಹುದು. ಒಪ್ಪಬೇಡಿ. ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ಕಾರು ನೇರ ಹೋಗಲು ನೋಡುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಿನ ಸಲ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ಸುತ್ತುತ್ತದೆ, ಅದನ್ನು ಸರಿಪಡಿಸುವುದು ಸಾಮಾನ್ಯ ಚಾಲಕರಿಗೆ ಕಷ್ಟ. ಹೊಸದು ಹಿಂದೆಯೇ ಇರಲಿ. ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥ ಅದರ ಮೇಲೆ ಉಳಿದಿರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ.